ಶ್ರುತಿಕಟು: ಪಾಲ್ ಎಲ್‌ಸ್ಟಾಕ್ ಅವರ ಸಂಗೀತವನ್ನು ಕುರಿತು

ಕಳೆದ ವರ್ಷ ತೃತೀಯ ಬಿ.ಎ. ತರಗತಿಯಲ್ಲಿ ಕಾವ್ಯಮೀಮಾಂಸೆಯ ಪಾಠ ನಡೆದಿತ್ತು. ಗುಣಗಳು ಮುಗಿದು ದೋಷಗಳಿಗೆ ಬಂದಿದ್ದೆವು. ‘ಶ್ರುತಿಕಟು’ ಎಂಬ ಮಾತನ್ನು ಹಲಗೆಯ ಮೇಲೆ ಬರೆದು, ಕಿವಿಗೆ ಒರಟಾಗಿ ತಾಗುವ ಅಕ್ಷರಗಳ ಜೋಡಣೆಯನ್ನು ಆಲಂಕಾರಿಕರು ದೋಷವೆಂದು ಎಣಿಸಿದ್ದಾರೆ ಎಂದು ಹೇಳಿ, ಒಂದು ಉದಾಹರಣೆಗಾಗಿ ತಡಕಾಡುತ್ತಿರುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, “ಡಿಜೆನೂ ಶ್ರುತಿಕಟುನಾ ಸಾರ್?” ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕು, “ಅದರಲ್ಲೇನು ಸಂದೇಹ?” ಎಂದು ಪಾಠವನ್ನು ಮುಂದುವರಿಸಿದೆ.

ನಗುವಿಗೆ ಕಾರಣವಿದ್ದಿತು. ಅದಕ್ಕೆ ಹದಿನೈದು ದಿವಸಗಳ ಹಿಂದೆಯಷ್ಟೆ ನಮ್ಮ ಶಿರಾದ ಬೀದಿಗಳಲ್ಲಿ ಗಣೇಶನ ಮೆರವಣಿಗೆಗಳು ಹೊರಟಿದ್ದವು. ಟ್ರ್ಯಾಕ್ಟರಿನ ಹಿಂದೆ ಆಳೆತ್ತರದ ಪೆಟ್ಟಿಗೆಗಳ ಗೋಡೆ, ಅದರ ಹಿಂದೆ ಜನರೇಟರು, ಮೇಲೆ ಕಣ್ಣು ಕುಕ್ಕುವ ದೀಪಗಳು. ಗಣೇಶನಿಗಿಂತ ಮೊದಲು ಅವನ ಸದ್ದು ಬರುತ್ತಿತ್ತು. ಸದ್ದಿಗಿಂತ ಮೊದಲು ನಮ್ಮ ಅಡಿಗೆಮನೆಯ ಗೂಡಿನಲ್ಲಿದ್ದ ತಟ್ಟೆಗಳು ನಡುಗುತ್ತಿದ್ದವು. ಬೀದಿಯ ಹಿರಿಯರೆಲ್ಲ ಕೂಡಿ ಒಂದು ಮನವಿ ಬರೆದರು. ಕನ್ನಡ ಮೇಷ್ಟರೆಂದು ಒಕ್ಕಣೆಯ ಭಾರ ನನ್ನ ಮೇಲೆ ಬಿದ್ದಿತು; ಮೊದಲ ಸಹಿಯೂ ನನ್ನದೇ. ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದು, ವಾಸದ ಬಡಾವಣೆಗಳಲ್ಲಿ ಹಗಲು ೫೫ ಡೆಸಿಬೆಲ್, ರಾತ್ರಿ ೪೫ ಎಂಬುದನ್ನೆಲ್ಲ ಕಾಣಿಸಿದ್ದೆ. ಆ ಮನವಿಯನ್ನು ನಾನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವವನಲ್ಲ. ಮಗುವಿಗೂ ರೋಗಿಗೂ ನಿದ್ದೆ ಬೇಕು. ಆದರೆ ಬರವಣಿಗೆಯ ಉತ್ಸಾಹದಲ್ಲಿ ‘ಸಂಗೀತವೆಂಬ ಹೆಸರಿಗೇ ಕಳಂಕವಾದ ಈ ಗದ್ದಲ’ ಎಂದೊಂದು ಮಾತನ್ನು ಸೇರಿಸಿಬಿಟ್ಟಿದ್ದೆ. ಈ ಲೇಖನ ಆ ಒಂದು ಮಾತಿನ ಪ್ರಾಯಶ್ಚಿತ್ತವಲ್ಲದಿದ್ದರೂ ಅದರ ಮರುಪರಿಶೀಲನೆ.

ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅರ್ಧ ಪಾಠದ ಉತ್ತರವೆಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಆನಂದವರ್ಧನನು ಶ್ರುತಿದುಷ್ಟವೇ ಮೊದಲಾದವನ್ನು ಅನಿತ್ಯದೋಷಗಳೆಂದು ಕರೆದಿದ್ದಾನೆ. ಶೃಂಗಾರದಲ್ಲಿ ಅವು ತ್ಯಾಜ್ಯ, ರೌದ್ರದಲ್ಲಿ ಅಲ್ಲ. ಅಲ್ಲಿ ಒರಟು ಅಕ್ಷರಗಳೇ ಓಜಸ್ಸಿಗೆ ಆಧಾರ. ರನ್ನನ ಗದಾಯುದ್ಧದಿಂದ ಪರುಷ ವರ್ಣಗಳನ್ನೆಲ್ಲ ಆಯ್ದು ಹೊರಗಿಟ್ಟರೆ ಭೀಮನ ಕೈಯಲ್ಲಿ ಗದೆಯ ಬದಲು ಬೀಸಣಿಗೆ ಉಳಿದೀತು. ಹಾಗಾದರೆ ಕೇಳಬೇಕಾದ ಪ್ರಶ್ನೆ ‘ಇದು ಕಟುವೋ ಅಲ್ಲವೋ’ ಎಂಬುದಲ್ಲ. ‘ಈ ಕಾಟವು ಯಾವ ರಸಕ್ಕಾಗಿ, ಯಾರ ಕೈಯಿಂದ’ ಎಂಬುದು. ಮರುದಿನ ತರಗತಿಯಲ್ಲಿ ತಿದ್ದಿ ಹೇಳಿದೆ. ಪಾಠ ಮುಗಿದ ಮೇಲೆ ಆ ಹುಡುಗ ನನ್ನ ಕೊಠಡಿಗೆ ಬಂದು, “ನೀವು ಬೀದೀಲಿ ಕೇಳಿದ್ದಷ್ಟೇ ಸಾರ್. ಅದರ ಬೇರು ಹಾಲೆಂಡ್‌ನಲ್ಲೈತೆ. ಮೊದಲಿಂದ ಕೇಳಿ,” ಎಂದು ಒಂದು ಪಟ್ಟಿಯನ್ನು ನನ್ನ ಫೋನಿಗೆ ಕಳಿಸಿಕೊಟ್ಟ. ಪಟ್ಟಿಯಲ್ಲಿ ಹೆಚ್ಚು ಸಲ ಬಂದಿದ್ದ ಹೆಸರು ಪಾಲ್ ಎಲ್‌ಸ್ಟಾಕ್.

ಎಲ್‌ಸ್ಟಾಕ್ ಅವರನ್ನು ಓದುಗರಿಗೆ ಪರಿಚಯ ಮಾಡಿಕೊಡುವ ಮೊದಲು ‘ಡಿಜೆ’ ಎಂಬ ಶಬ್ದದ ತೊಡಕನ್ನು ಬಿಡಿಸಬೇಕು. ನಮ್ಮ ಕಡೆ ‘ಡಿಜೆ ಹಾಕಿಸಿದ್ದಾರೆ’, ‘ಡಿಜೆ ಬಂತು’ ಎನ್ನುತ್ತೇವೆ. ಇಲ್ಲಿ ಡಿಜೆ ಎಂದರೆ ಮನುಷ್ಯನಲ್ಲ, ಪೆಟ್ಟಿಗೆ. ಹುಟ್ಟಿದ ಕಡೆ ಅದು ಡಿಸ್ಕ್ ಜಾಕಿ, ಎಂದರೆ ಧ್ವನಿಮುದ್ರಿಕೆಯ ತಟ್ಟೆಗಳನ್ನು ಆಡಿಸುವ ವ್ಯಕ್ತಿ. ತಟ್ಟೆ ಹಾಕುವುದು ಏನು ಮಹಾ ಎಂದು ನನ್ನಂತೆಯೇ ಕೇಳುವವರು ನಮ್ಮ ಗಮಕಿಯನ್ನು ನೆನೆಯಲಿ. ಕುಮಾರವ್ಯಾಸನ ಭಾರತವನ್ನು ವಾಚಿಸುವ ಗಮಕಿ ಅದನ್ನು ಬರೆದವನಲ್ಲ. ಯಾವ ಸಂಧಿಯನ್ನು ಹಿಡಿಯಬೇಕು, ಎಷ್ಟು ಪದ್ಯ ಬಿಡಬೇಕು, ಯಾವ ರಾಗದಿಂದ ಯಾವುದಕ್ಕೆ ನಯವಾಗಿ ದಾಟಬೇಕು, ಎದುರಿಗೆ ಕುಳಿತವರು ತೂಕಡಿಸಿದರೆ ಯಾವ ಪ್ರಸಂಗವನ್ನು ಎತ್ತಿಕೊಳ್ಳಬೇಕು—ಇದು ಗಮಕಿಯ ಪ್ರತಿಭೆ. ಡಿಜೆಯ ಕೆಲಸವೂ ಅದೇ. ಎರಡು ತಿರುಗುಮಣೆಗಳ ಮೇಲೆ ಎರಡು ತಟ್ಟೆ. ಒಂದರ ವೇಗವನ್ನು ಕೂದಲೆಳೆಯಷ್ಟು ಏರಿಸಿಯೋ ಇಳಿಸಿಯೋ ಎರಡರ ಪೆಟ್ಟುಗಳನ್ನು ಒಂದರ ಮೇಲೊಂದು ಕೂಡಿಸಿ, ಕುಣಿಯುವವರ ಕಾಲು ತಪ್ಪದಂತೆ ಒಂದು ಹಾಡಿನಿಂದ ಮತ್ತೊಂದಕ್ಕೆ ಸಾಗಿಸಬೇಕು. ಇನ್ನು ‘ಪ್ರೊಡ್ಯೂಸರ್’ ಎಂಬ ಮಾತು. ನಮಗೆ ಅದನ್ನು ಕೇಳಿದರೆ ಸಿನಿಮಾಕ್ಕೆ ದುಡ್ಡು ಹಾಕುವ ಸಾಹುಕಾರ ನೆನಪಾಗುತ್ತಾನೆ. ಈ ಸಂಗೀತದಲ್ಲಿ ಅದರ ಅರ್ಥ ಕೃತಿಯನ್ನು ಕಟ್ಟುವವನು ಎಂದು: ಯಂತ್ರಗಳಿಂದ ಒಂದೊಂದು ನಾದವನ್ನೂ ತೆಗೆದು ಜೋಡಿಸುವವನು. ಅಂದರೆ ಕವಿ. ಎಲ್‌ಸ್ಟಾಕ್ ಕವಿಯೂ ಹೌದು, ಗಮಕಿಯೂ ಹೌದು. ಪುಸ್ತಕದ ಪ್ರಕಾಶಕರೂ ಹೌದು.

ಅವರು ಹುಟ್ಟಿದ್ದು ೧೯೬೬ರಲ್ಲಿ. ೧೯೮೦ರ ದಶಕದಲ್ಲಿ ತಟ್ಟೆಗಳನ್ನು ಆಡಿಸುವವರಾಗಿ ಆರಂಭಿಸಿ ಕೃತಿ ಕಟ್ಟುವುದಕ್ಕೆ ಕೈಹಾಕಿದರು. ೧೯೯೧ರಲ್ಲಿ ಎಲ್.ಎ. ಸ್ಟೈಲ್ ಎಂಬ ಹೆಸರಿನ ಮತ್ತೊಂದು ಡಚ್ ತಂಡ ‘ಜೇಮ್ಸ್ ಬ್ರೌನ್ ಸತ್ತಿದ್ದಾನೆ’ ಎಂಬರ್ಥದ ಒಂದು ಹಾಡನ್ನು ಹೊರತಂದಿತು. ಹಳೆಯ ಸೋಲ್ ಸಂಗೀತದ ದೊರೆಯ ಕಾಲ ಮುಗಿಯಿತು, ಇನ್ನು ಯಂತ್ರದ ಕಾಲ ಎಂಬುದು ಅದರ ಇಂಗಿತ. ಅದೇ ವರ್ಷ ಎಲ್‌ಸ್ಟಾಕ್ ತಮ್ಮ ಗೆಳೆಯರೊಡನೆ ‘ಹೋಲಿ ನಾಯ್ಸ್’ ಎಂಬ ತಂಡದ ಹೆಸರಿನಲ್ಲಿ ‘ಜೇಮ್ಸ್ ಬ್ರೌನ್ ಇನ್ನೂ ಬದುಕಿದ್ದಾನೆ’ ಎಂದು ಉತ್ತರ ಕೊಟ್ಟರು. (ಬ್ರೌನ್ ನಿಜವಾಗಿ ತೀರಿಕೊಂಡದ್ದು ೨೦೦೬ರ ಡಿಸೆಂಬರಿನಲ್ಲಿ.) ಇದನ್ನು ತಿಳಿದಾಗ ನನಗೆ ಉತ್ತರ ಕರ್ನಾಟಕದ ಹರದೇಶಿ-ನಾಗೇಶಿಯವರ ಸವಾಲು ಜವಾಬು ನೆನಪಾಯಿತು. ಆ ತಂಡದ ಹೆಸರನ್ನೂ ಗಮನಿಸಬೇಕು: ‘ಪವಿತ್ರ ಗದ್ದಲ’. ನಾನು ಮನವಿಯಲ್ಲಿ ಬೈಗುಳವಾಗಿ ಬಳಸಿದ ಮಾತನ್ನು ಅವರು ಬಿರುದಾಗಿ ಇಟ್ಟುಕೊಂಡಿದ್ದರು.

ಮರುವರ್ಷ, ೧೯೯೨ರಲ್ಲಿ, ಎಲ್‌ಸ್ಟಾಕ್ ‘ರಾಟರ್‌ಡ್ಯಾಮ್ ರೆಕಾರ್ಡ್ಸ್’ ಎಂಬ ಸ್ವಂತ ಪ್ರಕಾಶನವನ್ನು ಆರಂಭಿಸಿದರು. ರಾಟರ್‌ಡ್ಯಾಮ್ ಎಂತಹ ಊರು ಎಂಬುದು ಇಲ್ಲಿ ಮುಖ್ಯ. ೧೯೪೦ರ ಮೇ ೧೪ರಂದು ಜರ್ಮನ್ ವಿಮಾನಗಳು ಬಾಂಬು ಸುರಿದು ಅದರ ನಡುಭಾಗವನ್ನೆಲ್ಲ ಸುಟ್ಟುಹಾಕಿದವು. ಈಗಿರುವುದು ಬಹುಮಟ್ಟಿಗೆ ಆಮೇಲೆ ಕಟ್ಟಿದ ಊರು; ದೊಡ್ಡ ಬಂದರು, ಕ್ರೇನುಗಳು, ಹಡಗಿನ ಸರಕು ಇಳಿಸುವ ಜನ. ಕಾಲುವೆಗಳ, ಚಿತ್ರಶಾಲೆಗಳ ಆಮ್‌ಸ್ಟರ್‌ಡ್ಯಾಮಿಗೆ ಅದು ಒರಟು ತಮ್ಮನಿದ್ದಂತೆ. ಹೊಸ ಪ್ರಕಾಶನದ ಮೊದಲ ತಟ್ಟೆ ‘ಯೂರೋಮಾಸ್ಟರ್ಸ್’ ಎಂಬ ತಂಡದ್ದು. ೧೯೬೦ರಲ್ಲಿ ಕಟ್ಟಿ ಮುಗಿಸಿದ ಆ ಊರಿನ ಯೂರೋಮಾಸ್ಟ್ ಗೋಪುರದ ಹೆಸರು ಅದರಲ್ಲಿದೆ. ಹಾಡಿನ ಶೀರ್ಷಿಕೆಯನ್ನು ಊರಿನ ಆಡುಮಾತಿನಲ್ಲೇ ಇಟ್ಟಿದ್ದರು. ಅದನ್ನು ನಮ್ಮ ಶಿರಾದ ಮಾತಿಗೆ ತಂದರೆ “ಬೆಂಗಳೂರಾ? ಅದೆಲ್ಲೈತಪ್ಪಾ?” ಎಂದಾದೀತು. ರಾಜಧಾನಿಗೆ ನೂರಿಪ್ಪತ್ತು ಕಿಲೋಮೀಟರು ದೂರದಲ್ಲಿ, ಹೆದ್ದಾರಿಯ ಪಕ್ಕದಲ್ಲಿ ಕುಳಿತು, ನಮ್ಮನ್ನು ದಾಟಿಕೊಂಡು ಹೋಗುವ ಬಸ್ಸುಗಳನ್ನು ನೋಡುತ್ತಲೇ ಬೆಳೆದ ನನಗೆ ಈ ಶೀರ್ಷಿಕೆಯ ರುಚಿ ತಿಳಿಯಲು ಟೀಕೆ ಟಿಪ್ಪಣಿ ಬೇಕಾಗಲಿಲ್ಲ.

ಈ ಸಂಗೀತಕ್ಕೆ ‘ಗಬ್ಬರ್’ ಎಂದು ಹೆಸರು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ ‘ಶೋಲೆ’ಯ ಗಬ್ಬರ್ ಸಿಂಗ್ ನೆನಪಾದರೆ ಅದು ಕೇವಲ ಕಾಕತಾಳೀಯ, ಡಚ್ಚರಲ್ಲಿ ಆ ಮಾತು ಯಹೂದಿಗಳ ಯಿಡ್ಡಿಷ್ ಭಾಷೆಯಿಂದ ಬಂದದ್ದು, ಗೆಳೆಯ ಎಂದರ್ಥ. ತಲೆ ಬೋಳಿಸಿಕೊಂಡು, ಓಟಗಾರರ ಉಡುಪು ತೊಟ್ಟು, ಮೊಣಕಾಲನ್ನೂ ಹಿಮ್ಮಡಿಯನ್ನೂ ಮಿಂಚಿನಂತೆ ಆಡಿಸುತ್ತ ಕುಣಿಯುವ ದುಡಿಮೆಗಾರರ ಮಕ್ಕಳು ಒಬ್ಬರನ್ನೊಬ್ಬರು ಹಾಗೆ ಕರೆದುಕೊಂಡರು. ಅವರ ಬೋಳುತಲೆಯನ್ನು ಕಂಡು ಇವರೆಲ್ಲ ಜನಾಂಗದ್ವೇಷಿಗಳೆಂದು ಅಂಜಿದವರೂ ಉಂಟು. ಅಂಥವರು ಕೆಲವರು ಗುಂಪಿನಲ್ಲಿ ಸೇರಿಕೊಂಡದ್ದೂ ಉಂಟು. ಅದಕ್ಕೆ ಉತ್ತರವಾಗಿ ಕೆಲವು ಪ್ರಕಾಶನಗಳು ತಟ್ಟೆಯ ಮೇಲೆಯೇ ಜನಾಂಗದ್ವೇಷಕ್ಕೆ ವಿರೋಧವನ್ನು ಅಚ್ಚುಮಾಡಿದವು.

ಇನ್ನು ಆ ಸದ್ದಿನ ಮಾತು. ಇದನ್ನು ಅರ್ಥಮಾಡಿಕೊಳ್ಳುವುದಕ್ಕೆ ನನಗೆ ಒಂದು ತಿಂಗಳು ಹಿಡಿಯಿತು. ಮಗಳ ಇಯರ್‌ಫೋನನ್ನು ಕಡ ತೆಗೆದುಕೊಂಡು ರಾತ್ರಿ ಊಟವಾದ ಮೇಲೆ ಕೇಳುತ್ತಿದ್ದೆ. ಜಪಾನಿನ ರೋಲಂಡ್ ಕಂಪನಿ ೧೯೮೩ರಲ್ಲಿ ಟಿಆರ್-೯೦೯ ಎಂಬ ತಾಳಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿನ ದೊಡ್ಡ ನಗಾರಿಯ ಸದ್ದು ಚಿಕ್ಕದು, ಗಟ್ಟಿ, ಸಭ್ಯ. ಗಬ್ಬರಿನವರು ಆ ಸದ್ದನ್ನು ಮಿಕ್ಸರಿನೊಳಕ್ಕೆ ಅದು ತಡೆಯಲಾರದಷ್ಟು ಜೋರಾಗಿ ನೂಕಿದರು. ತಡೆಯಲಾರದ ಯಂತ್ರ ಅಲೆಯ ತಲೆಯನ್ನು ಕತ್ತರಿಸುತ್ತದೆ. ಹೀಗೆ ತಲೆ ಕತ್ತರಿಸಿಕೊಂಡ ಪೆಟ್ಟು ಉದ್ದವಾಗುತ್ತದೆ, ಒರಟಾಗುತ್ತದೆ. ಮತ್ತು ಇದೇ ಆಶ್ಚರ್ಯ, ಅದಕ್ಕೊಂದು ಸ್ಥಾಯಿ ಬರುತ್ತದೆ. ಪೆಟ್ಟೇ ಸ್ವರವಾಗುತ್ತದೆ. ತಾಳಕ್ಕೆ ಶ್ರುತಿ ಕೂಡುತ್ತದೆ. ಇಂಥ ಪೆಟ್ಟುಗಳು ನಿಮಿಷಕ್ಕೆ ನೂರ ಅರವತ್ತರಿಂದ ಇನ್ನೂರರವರೆಗೆ. ಕುಳಿತವನ ಎದೆಯ ಬಡಿತಕ್ಕೆ ಎರಡರಷ್ಟಕ್ಕೂ ಮೀರಿದ ಲೆಕ್ಕವಾಯಿತು.

ಮೊದಲ ವಾರ ನನಗೆ ಅದರಲ್ಲಿ ಪೆಟ್ಟಲ್ಲದೆ ಬೇರೇನೂ ಕೇಳಿಸಲಿಲ್ಲ. ನಮ್ಮ ತಾಳಗಳಲ್ಲಿ ಸಮವೆಂಬ ಒಂದು ಮನೆಯುಂಟು; ಎಲ್ಲಿಗೆ ಹೋದರೂ ಅಲ್ಲಿಗೆ ಬಂದು ಸೇರಬೇಕು. ಇಲ್ಲಿ ನಾಲ್ಕು ಪೆಟ್ಟುಗಳೂ ಸಮಾನ, ಯಾರೂ ದೊಡ್ಡವರಲ್ಲ. ಮನೆಯಿಲ್ಲದ ತಾಳದಲ್ಲಿ ಕಿವಿಗೆ ಕೂರಲು ಜಾಗವಿಲ್ಲ ಎನಿಸಿತು. ಎರಡನೆಯ ವಾರದಲ್ಲಿ ಗೊತ್ತಾಯಿತು: ಹದಿನಾರು ಹದಿನಾರಾಗಿ, ಮೂವತ್ತೆರಡು ಮೂವತ್ತೆರಡಾಗಿ ಪೆಟ್ಟುಗಳನ್ನು ಗಂಟು ಕಟ್ಟಿದ್ದಾರೆ, ಗಂಟಿನ ಕೊನೆಗೆ ಏನಾದರೊಂದು ಬದಲಾಗುತ್ತದೆ. ಮತ್ತೆ ಕೆಲವೆಡೆ ಪೆಟ್ಟು ಒಮ್ಮೆಗೇ ನಿಂತುಬಿಡುತ್ತದೆ. ಆಗ ಉಂಟಾಗುವ ನಿಶ್ಶಬ್ದ ಬರಿಯ ನಿಶ್ಶಬ್ದವಲ್ಲ. ಓಡುತ್ತಿದ್ದ ಬಸ್ಸು ಬ್ರೇಕು ಹಾಕಿದಾಗ ನಿಂತ ಮೈ ಮುಂದಕ್ಕೆ ಹೋಗುವಂತೆ ಕಿವಿ ಮುಂದಕ್ಕೆ ಹೋಗುತ್ತದೆ. ಪೆಟ್ಟು ಮರಳಿ ಬಂದಾಗಿನ ಸಂತೋಷವನ್ನು ನಾನು ಒಪ್ಪಿಕೊಳ್ಳಬೇಕು. ನಮ್ಮ ಬೀದಿಯ ಟ್ರ್ಯಾಕ್ಟರಿನಲ್ಲಿ ನನಗೆ ಸಿಗದೆ ಹೋದದ್ದು ಈ ಬಿಡುವು. ಅಲ್ಲಿ ಎರಡು ವಾಹನಗಳು ಎದುರುಬದುರಾಗಿ ಪೈಪೋಟಿಗೆ ನಿಂತು ಒಬ್ಬರ ಬಿಡುವನ್ನು ಮತ್ತೊಬ್ಬರು ತುಂಬುತ್ತಿದ್ದರು.

ಎಲ್‌ಸ್ಟಾಕ್ ಅವರ ಜೀವನದಲ್ಲಿ ವಿಮರ್ಶಕನ ಕೈಗೆ ಸಿಕ್ಕುವ ನಿಜವಾದ ಸಮಸ್ಯೆ ಬರುವುದು ೧೯೯೫ರಲ್ಲಿ. ಮೂರು ವರ್ಷ ಕಾಲ ಕಟುವಿನ ಕವಿಯಾಗಿದ್ದವರು ಆ ವರ್ಷ ‘ಲವ್ ಯು ಮೋರ್’, ‘ರೇನ್‌ಬೋ ಇನ್ ದಿ ಸ್ಕೈ’ ಎಂಬ ಹಾಡುಗಳನ್ನು ತಂದರು. ಮೊದಲನೆಯದು ‘ಸನ್‌ಸ್ಕ್ರೀಮ್’ ಎಂಬ ಇಂಗ್ಲಿಷ್ ತಂಡದ ೧೯೯೨ರ ಹಾಡಿನ ಮರುರೂಪ. ಹೆಣ್ಣುದನಿ, ಪ್ರೀತಿ, ಕಾಮನಬಿಲ್ಲು. ಮಕ್ಕಳೂ ಗುನುಗಬಹುದಾದ ಧಾಟಿ. ಇದಕ್ಕೆ ‘ಹ್ಯಾಪಿ ಹಾರ್ಡ್‌ಕೋರ್’ ಎಂದರು. ಹಾಡುಗಳು ಹಾಲೆಂಡಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೇಲೇರಿದವು. ಹಳೆಯ ಗೆಳೆಯರು ಕೆರಳಿದರು. ತಮ್ಮದಾಗಿದ್ದುದನ್ನು ಪೇಟೆಗೆ ಮಾರಿದನೆಂಬ ಆಪಾದನೆ ಬಂದಿತು.

ಕನ್ನಡದ ಓದುಗರಿಗೆ ಈ ಕಥೆ ಹೊಸದಲ್ಲ, ದಿಕ್ಕು ಮಾತ್ರ ತಿರುವುಮುರುವು. ಅಡಿಗರು ೧೯೪೬ರ ‘ಭಾವತರಂಗ’ದಿಂದ ೧೯೫೪ರ ‘ಚಂಡೆಮದ್ದಳೆ’ಗೆ ಬಂದಾಗ, ಹೆಸರಿನಲ್ಲೇ ವಾದ್ಯವನ್ನು ಬದಲಾಯಿಸಿ ತಾವು ಹೊರಳಿದುದನ್ನು ಸಾರಿದರು. ಕೆ. ಎಸ್. ನರಸಿಂಹಸ್ವಾಮಿಯವರದು ಇನ್ನೂ ಕಷ್ಟದ ಸ್ಥಿತಿ. ೧೯೪೨ರ ‘ಮೈಸೂರು ಮಲ್ಲಿಗೆ’ಯನ್ನು ಮದುವೆಯ ಮನೆಗಳಲ್ಲಿ ಹಾಡುತ್ತಿದ್ದ ಜನಕ್ಕೆ ೧೯೫೮ರ ‘ಶಿಲಾಲತೆ’ ಬೇಡವಾಯಿತು. ಕವಿ ಬೆಳೆದನೆಂದು ಕೆಲವರು, ಕೆಟ್ಟನೆಂದು ಹಲವರು. ನಮ್ಮಲ್ಲಿ ಮಾಧುರ್ಯ ಬಿಟ್ಟು ಓಜಸ್ಸಿಗೆ ಹೋದದ್ದು ದ್ರೋಹವಾಯಿತು. ರಾಟರ್‌ಡ್ಯಾಮಿನಲ್ಲಿ ಓಜಸ್ಸು ಬಿಟ್ಟು ಮಾಧುರ್ಯಕ್ಕೆ ಬಂದದ್ದು. ಇದರಿಂದ ಓಜಸ್ಸು ಮೇಲೋ ಮಾಧುರ್ಯ ಮೇಲೋ ಎಂಬುದು ತೀರ್ಮಾನವಾಗುವುದಿಲ್ಲ. ರಸಿಕನಾದವನು ತಾನು ಮೊದಲು ಪ್ರೀತಿಸಿದ್ದನ್ನೇ ಕವಿ ಕೊನೆಯತನಕ ಕೊಡುತ್ತಿರಬೇಕೆಂದು ಹಟ ಹಿಡಿಯುತ್ತಾನೆ ಎಂಬುದು ಮಾತ್ರ ತಿಳಿಯುತ್ತದೆ.

ಆದರೂ ಎರಡು ಹೊರಳುಗಳೂ ಒಂದೇ ತೂಕದವೆಂದು ನಾನು ಹೇಳಲಾರೆ. ‘ಶಿಲಾಲತೆ’ ಎಂಬ ಹೆಸರಿನಲ್ಲೇ ಕಲ್ಲೂ ಬಳ್ಳಿಯೂ ಒಂದು ಪದವಾಗಿ ಕೂಡಿವೆ. ಆ ಸಂಗ್ರಹದ ಒಳ್ಳೆಯ ಕವಿತೆಗಳಲ್ಲಿ ಕಾಠಿಣ್ಯ ಮೇಲಿನಿಂದ ಬಳಿದದ್ದಲ್ಲ, ಮಲ್ಲಿಗೆಯ ಕವಿಯ ಒಳಗೇ ಗಟ್ಟಿಯಾದದ್ದು. ‘ರೇನ್‌ಬೋ ಇನ್ ದಿ ಸ್ಕೈ’ಯಲ್ಲಿ ನಾನು ಗಮನಿಸಿದ್ದೇನೆಂದರೆ, ಪೆಟ್ಟಿನ ವೇಗ ಕಡಿಮೆಯಾಗಿಲ್ಲ, ನಗಾರಿ ಓಡುತ್ತಲೇ ಇದೆ, ಅದರ ಮೇಲೆ ಮಾಧುರ್ಯವನ್ನು ತಂದು ಕೂರಿಸಿದೆ. ಕುದುರೆಯ ಮೇಲೆ ಹೂವಿನ ಬುಟ್ಟಿ ಇಟ್ಟಂತೆ. ಎರಡೂ ಪಕ್ಕಪಕ್ಕ ಇವೆಯೇ ಹೊರತು ಒಂದನ್ನೊಂದು ಮುಟ್ಟಿಲ್ಲ. ಇದನ್ನು ಬರೆಯುವಾಗ ನನಗೊಂದು ಸಂಕೋಚವೂ ಇದೆ: ಹುಡುಗ ಕೊಟ್ಟ ಪಟ್ಟಿಯಲ್ಲಿ ನಾನು ಮೊದಲ ಸಲವೇ ಮೆಚ್ಚಿದ್ದು ಇದೊಂದನ್ನೇ. ಸ್ನಾನದ ಮನೆಯಲ್ಲಿ ಗುನುಗಿಯೂ ಬಿಟ್ಟೆ. ಸುಲಭವಾಗಿ ಮೆಚ್ಚಿಸಿದ್ದನ್ನು ಸಂದೇಹದಿಂದ ನೋಡುವುದು ವಿಮರ್ಶಕನ ಚಟವಾದರೆ, ಆ ಚಟ ನನಗೂ ಇದೆ ಎಂದಿಟ್ಟುಕೊಳ್ಳಿ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ೧೯೯೭ರ ಸುಮಾರಿಗೆ ಗಬ್ಬರನ್ನು ಅಣಕಿಸುವ ಹಾಡುಗಳೇ ಗಬ್ಬರಿಗಿಂತ ಹೆಚ್ಚು ಕೇಳಿಬಂದು, ಬೋಳುತಲೆ ಮತ್ತು ಓಟಗಾರನ ಉಡುಪು ನಗೆಪಾಟಲಾದವು. ಆ ಅಲೆ ಇಳಿಯಿತು. ಯಾವ ಪಂಥವಾದರೂ ಅದರ ಅಣಕವಾಡುಗಳು ಮೂಲಕ್ಕಿಂತ ಸೊಗಸಾಗಿ ಬರತೊಡಗಿದಾಗ ಮುಪ್ಪಾಯಿತೆಂದು ತಿಳಿಯಬೇಕು. ನವ್ಯಕ್ಕೂ ಈ ಮಾತು ಸಲ್ಲುತ್ತದೆ. ಹೊಸ ಶತಮಾನದಲ್ಲಿ ಎಲ್‌ಸ್ಟಾಕ್ ಮತ್ತೆ ಕಟುವಿಗೆ ಮರಳಿದರು. ಬೈದವರಲ್ಲಿ ಬಹಳ ಮಂದಿ ಮರಳಿ ಬಂದು ಕುಣಿದರು. ೨೦೧೭ರಲ್ಲಿ, ಐವತ್ತು ದಾಟಿದ ಮೇಲೆ, ಯೆಬ್ರೂರ್ ಎಂಬ ಕಿರಿಯ ಗಾಯಕನೊಡನೆ ಸೇರಿ ಕಟ್ಟಿದ ‘ಸೈತಾನನ ಮಗು’ ಎಂಬರ್ಥದ ಹಾಡು ಮತ್ತೊಮ್ಮೆ ನಾಡಿನ ಬಾಯಲ್ಲಿ ಕುಳಿತಿತು. ನನಗೆ ಅದು ಹಿಡಿಸಲಿಲ್ಲ.

ಒಂದು ಮಾತನ್ನು ಇಲ್ಲಿ ಸೇರಿಸದಿದ್ದರೆ ಇದೆಲ್ಲ ಹೊರಗಿನವರ ವಿದ್ಯೆ ಎಂದು ಓದುಗರು ಭಾವಿಸಬಹುದು. ೧೯೮೨ರಲ್ಲಿ ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಅದೇ ರೋಲಂಡ್ ಕಂಪನಿಯ ಯಂತ್ರಗಳನ್ನು, ೯೦೯ಕ್ಕೆ ಹಿಂದಿನ ೮೦೮ ಎಂಬ ತಾಳಯಂತ್ರವನ್ನೂ ೩೦೩ ಎಂಬ ಮಂದ್ರಯಂತ್ರವನ್ನೂ ಇಟ್ಟುಕೊಂಡು, ಹತ್ತು ರಾಗಗಳನ್ನು ಡಿಸ್ಕೋ ಪೆಟ್ಟಿಗೆ ಕೂಡಿಸಿ ಒಂದು ತಟ್ಟೆ ತಂದರು. ಯಾರೂ ಕೊಳ್ಳಲಿಲ್ಲ. ಕೆಲವು ವರ್ಷಗಳ ಮೇಲೆ ಅಮೆರಿಕದ ಷಿಕಾಗೋದಲ್ಲಿ ಅದೇ ಯಂತ್ರಗಳಿಂದ ಅದೇ ಬಗೆಯ ಸಂಗೀತ ಹುಟ್ಟಿ ಪ್ರಪಂಚವನ್ನು ತುಂಬಿತು. ೨೦೧೦ರಲ್ಲಿ ಆ ಮರೆತ ತಟ್ಟೆಯನ್ನು ಮರುಮುದ್ರಿಸಿದವನೂ ಒಬ್ಬ ಡಚ್ಚನೇ. ಆಮೇಲೆ ಎಪ್ಪತ್ತು ವರ್ಷದ ಆ ಮುದುಕರು ಯೂರೋಪಿನ ತರುಣರ ಮುಂದೆ ತಮ್ಮ ರಾಗಗಳನ್ನು ನುಡಿಸಿದರು, ೨೦೧೫ರಲ್ಲಿ ತೀರಿಕೊಂಡರು. ಮೂವತ್ತು ವರ್ಷ ಒಬ್ಬ ಕವಿಯ ಪುಸ್ತಕವನ್ನು ಒಬ್ಬ ವಿಮರ್ಶಕನೂ ತೆರೆಯಲಿಲ್ಲವೆಂದಾಯಿತು.

ಇಷ್ಟಾದ ಮೇಲೆ ಹುಡುಗನನ್ನು ಕರೆದು ನನ್ನ ವಾದವನ್ನು ಹೇಳಿದೆ. ರಾಟರ್‌ಡ್ಯಾಮಿನಲ್ಲಿ ಡಿಜೆಗೆ ಹೆಸರಿದೆ, ಚರಿತ್ರೆಯಿದೆ. ಅವನು ಹೊರಳಿದರೆ ಜನ ಜಗಳಕ್ಕೆ ನಿಲ್ಲುತ್ತಾರೆ. ಹೆಸರಿದ್ದಲ್ಲಿ ಮಾತ್ರ ವಿಮರ್ಶೆಗೆ ಎಡೆ. ನಮ್ಮಲ್ಲಿ ಡಿಜೆ ಎಂದರೆ ಪೆಟ್ಟಿಗೆ. ಪೆಟ್ಟಿಗೆಯನ್ನು ಯಾರು ಹೊಗಳುತ್ತಾರೆ, ಯಾರು ತೆಗಳುತ್ತಾರೆ? ಆದ್ದರಿಂದ ಪೊಲೀಸರಿಗೆ ಮನವಿ ಬರೆಯುತ್ತೇವೆ. ಈ ವಾದ ನನಗೆ ಬಹಳ ಚೆನ್ನಾಗಿದೆ ಎನಿಸಿತ್ತು. ಹುಡುಗ ಸುಮ್ಮನೆ ಕೇಳಿ, “ನೀವು ಸರಿಯಾಗಿ ಕೇಳಿಲ್ಲ ಸಾರ್,” ಎಂದ. ಫೋನಿನಲ್ಲಿ ನಮ್ಮ ಕಡೆಯ ಒಂದು ರೀಮಿಕ್ಸ್ ಹಾಕಿದ. ಅರ್ಧ ನಿಮಿಷ ಕಳೆದ ಮೇಲೆ ಪೆಟ್ಟು ನಿಂತ ಒಂದು ಜಾಗದಲ್ಲಿ ಗಡಸು ದನಿಯೊಂದು ಹಾಡಿಗೆ ಸಂಬಂಧವಿಲ್ಲದ ಏನನ್ನೋ ಕೂಗಿತು. ನಾನದನ್ನು ಬೀದಿಯಲ್ಲಿ ನೂರು ಸಲ ಕೇಳಿ, ಯಾರೋ ಕುಡಿದವರ ಕೂಗೆಂದು ಬಿಟ್ಟಿದ್ದೆ. “ಅದು ಮಾಡಿದವನ ಹೆಸರು ಸಾರ್, ಹೆಸರು, ಊರು. ಪ್ರತಿ ಹಾಡಲ್ಲೂ ಹಾಕ್ತಾರೆ. ಇಲ್ದಿದ್ರೆ ಇನ್ನೊಬ್ಬ ಕದ್ದು ತನ್ನದು ಅಂತಾನೆ.”

ಇಪ್ಪತ್ತು ವರ್ಷದಿಂದ ವಚನಗಳ ಪಾಠ ಹೇಳುತ್ತಿರುವವನು ನಾನು. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಪುರಂದರವಿಠಲ ಎಂದರೆ ಪುರಂದರದಾಸರು ಎಂದು ಅಂಕಿತಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವವನು. ದೇವರ ಹೆಸರಿಗೂ ಊರ ಹೆಸರಿಗೂ ಅಂತರವಿದೆ ನಿಜ. ಆದರೆ ಕೃತಿಯೊಳಗೇ ಕರ್ತೃವನ್ನು ಕೂರಿಸುವ ಪದ್ಧತಿ ಒಂದೇ. ಅಂಕಿತ ನನ್ನ ಕಿವಿಯ ಮುಂದೆಯೇ ಕೂಗುತ್ತಿತ್ತು. ಹೆಸರಿಲ್ಲವೆಂದು ನಾನು ಸಿದ್ಧಾಂತ ಕಟ್ಟಿದ್ದೆ.

ಆಮೇಲೆ ಹುಡುಗ ಸ್ವಲ್ಪ ನಾಚಿಕೊಂಡು ತನ್ನದೇ ಒಂದು ಕೃತಿಯನ್ನು ಹಾಕಿದ. ಅವನ ಅಜ್ಜ ಉರುಮೆಯವರು. ಉರುಮೆಯನ್ನು ಕೇಳದವರಿಗೆ ಹೇಳಬೇಕೆಂದರೆ, ಅದರ ಒಂದು ಮು‌ಖವನ್ನು ಬಾರಿಸುತ್ತಾರೆ, ಮತ್ತೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಹುಲಿ ಗಂಟಲು ಸರಿಮಾಡಿಕೊಂಡಂತೆ ಒಂದು ಗುಟುರು ಹೊರಡುತ್ತದೆ. ಜಾತ್ರೆ, ಮೆರವಣಿಗೆ, ಸಾವು ಎಲ್ಲಕ್ಕೂ ಅದು ಬೇಕಿತ್ತು; ಟ್ರ್ಯಾಕ್ಟರಿನ ಪೆಟ್ಟಿಗೆಗಳು ಬಂದ ಮೇಲೆ ಕರೆ ಕಡಿಮೆಯಾಯಿತು. ಶ್ರುತಿಕಟು ಎಂದರೆ ಅದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ನಮ್ಮ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗಣೆಯನ್ನು ಕೊಳಲೆಂದು ಕೊಂಡಾಡಿ ಲೇಖನ ಬರೆದಿರುವ ನಾನು, ಉರುಮೆಯನ್ನು ಕುರಿತು ಒಂದು ಸಾಲನ್ನೂ ಬರೆದಿಲ್ಲ. ತಮಟೆಗೆ ೨೦೨೩ರಲ್ಲಿ ಮುನಿವೆಂಕಟಪ್ಪನವರ ಮೂಲಕ ಪದ್ಮಶ್ರೀ ಬಂದಾಗ ಕಾಲೇಜಿನ ಹಲಗೆಯ ಮೇಲೆ ಅಭಿನಂದನೆ ಬರೆಸಿದ್ದೆ, ಅಷ್ಟೆ. ಮೊಮ್ಮಗ ಅಜ್ಜನ ಉರುಮೆಯ ಗುಟುರನ್ನು ಫೋನಿನಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಅದನ್ನು ಗಬ್ಬರಿನವರಂತೆಯೇ ತಲೆ ಕತ್ತರಿಸುವಷ್ಟು ಏರಿಸಿ, ಪೆಟ್ಟಿನ ಕೆಳಗೆ ಹಾಸಿದ್ದ. ಓಜಸ್ಸಿನ ಮೇಲೆ ಓಜಸ್ಸು. ಇಲ್ಲಿ ಹೂವಿನ ಬುಟ್ಟಿ ಇರಲಿಲ್ಲ. ನಡುವೆ ಒಂದು ಕಡೆ ಯಂತ್ರದ ಪೆಟ್ಟು ನಿಂತು, ಅಜ್ಜನ ಕೋಲು ಮಾತ್ರ, ಯಾವ ಅಲಂಕಾರವೂ ಇಲ್ಲದೆ, ನಾಲ್ಕು ಸಲ ಉಜ್ಜಿ ಸುಮ್ಮನಾಯಿತು. ನನ್ನ ಮೈ ಜುಮ್ಮೆಂದಿತು.

ನಾನು ಎರಡು ದೋಷಗಳನ್ನು ಹೇಳಿದೆ. ಮೂರನೆಯ ಭಾಗ ಉದ್ದವಾಯಿತು, ಉರುಮೆ ಮತ್ತೆ ಬರುವುದೆಂದು ಕಾದವನಿಗೆ ಬರಿಯ ಪೆಟ್ಟೇ ಸಿಗುತ್ತದೆ ಎಂಬುದು ಮೊದಲನೆಯದು. ಎರಡನೆಯದು, ಮೂರು ಸಲ ಕೂಗಿಸಿರುವ ಅಂಕಿತದಲ್ಲಿ ಅವನ ಹೆಸರಿದೆ, ಅಜ್ಜನ ಹೆಸರಿಲ್ಲ. ಎರಡನೆಯದನ್ನು ಅವನು ತಕ್ಷಣ ಒಪ್ಪಿ, ಒಂದು ಸಲದ್ದನ್ನು ಅಜ್ಜನಿಗೆ ಬಿಟ್ಟುಕೊಡುತ್ತೇನೆಂದ. ಮೊದಲನೆಯದನ್ನು ಒಪ್ಪಲಿಲ್ಲ. ಕುಣಿಯುವವರಿಗೆ ಅಷ್ಟು ಉದ್ದ ಬೇಕೇಬೇಕಂತೆ. ನಾನು ಕುರ್ಚಿಯ ಮೇಲೆ ಕುಳಿತು, ಬೆರಳುದ್ದದ ಸ್ಪೀಕರಿನಲ್ಲಿ ಕೇಳಿ ಉದ್ದ ಎನ್ನುತ್ತಿದ್ದೇನಂತೆ. ಗಣೇಶನ ಹಬ್ಬಕ್ಕೆ ಮೊದಲು ಊರ ಹೊರಗಿನ ಬಯಲಿನಲ್ಲಿ, ಹಗಲು ಹೊತ್ತು, ಪೆಟ್ಟಿಗೆಗಳನ್ನು ಜೋಡಿಸಿ ಪರೀಕ್ಷೆ ಮಾಡುತ್ತಾರೆ. ಆಗ ಬಂದು ನಿಂತು ಕೇಳಬೇಕೆಂದು ಕರೆದಿದ್ದಾನೆ. ಹೋಗುತ್ತೇನೆಂದು ಹೇಳಿದ್ದೇನೆ. ಹತ್ತಿಯನ್ನೂ ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ.